‘ಸ್ವಲ್ಪ ತಾಳು ಮಗ’ – ಮನೆಗೆಲಸದ ನಡುವೆಯೇ ಪುಟ್ಟ ಮಕ್ಕಳಿಗೆ ತಾಳ್ಮೆಯ ಪಾಠ



ಬೆಳಗ್ಗೆ ಆರೂವರೆ ಗಂಟೆ. ಕರೆದ ಹಾಲನ್ನು ಡೇರಿಗೆ ಹಾಕಿ ಬರಬೇಕು. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿದೆ. ದೊಡ್ಡ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಬೇಕು. ಅಷ್ಟರಲ್ಲಿ ಎರಡು ವರ್ಷದ ಪುಟಾಣಿ ಎದ್ದು ಬಂದು ಸೆರಗು ಹಿಡಿದು ಎಳೆಯುತ್ತದೆ. “ಅವ್ವಾ, ಹಾಲು!” “ತಾಳು ಮಗ, ಬಂದೆ” ಅನ್ನುತ್ತೀರಿ. ಇನ್ನೊಂದು ಸಲ “ಹಾಲು!” ಮತ್ತೆ “ತಾಳು ಅಂದ್ನಲ್ಲ!” ಮೂರನೇ ಸಲಕ್ಕೆ ಮಗು ನೆಲದ ಮೇಲೆ ಬಿದ್ದು ಹೊರಳಾಡುತ್ತದೆ. ಆಗ ಮಗುವಿನ ಬೆನ್ನಿಗೆ ಒಂದು ಏಟು ಬೀಳುತ್ತದೆ, ಇಲ್ಲವೇ ಕೈಗೆ ಮೊಬೈಲ್ ಬರುತ್ತದೆ.

ಬೈರಾಪಟ್ಟಣದ ಸುತ್ತಮುತ್ತ ಮಹಿಳಾ ಸಂಘಗಳ ಸಭೆಗೆ ಹೋದಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಯಾರಾದರೊಬ್ಬರು ಮೆಲ್ಲಗೆ ಕೇಳುತ್ತಾರೆ: “ಸಿಸ್ಟರ್, ನಮ್ಮ ಮಗೀಗೆ ಒಂದು ನಿಮಿಷ ತಾಳ್ಮೆ ಇಲ್ಲ. ಏನು ಮಾಡೋದು?” ಈ ಪ್ರಶ್ನೆಗೆ ಉತ್ತರವಾಗಿ ಕೆಲವು ವಿಷಯಗಳನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ಹೊಸದಾಗಿ ದುಡ್ಡು ಖರ್ಚು ಮಾಡಬೇಕಾಗಿಲ್ಲ, ಬೇರೆ ಸಮಯವೂ ಬೇಕಿಲ್ಲ. ನೀವು ದಿನಾ ಮಾಡುವ ಕೆಲಸಗಳಲ್ಲೇ ಈ ಪಾಠ ಇದೆ.

ಪುಟ್ಟ ಮಕ್ಕಳು ಯಾಕೆ ಕಾಯುವುದಿಲ್ಲ?

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ಎರಡು ವರ್ಷದ ಮಗು ಹಟ ಮಾಡುವುದು ನಿಮಗೆ ತೊಂದರೆ ಕೊಡಲಿಕ್ಕೆ ಅಲ್ಲ. ಆಸೆಯನ್ನು ತಡೆದು ನಿಲ್ಲಿಸುವ ಕೆಲಸ ಮಾಡುವುದು ಮಿದುಳಿನ ಮುಂಭಾಗ, ಅಂದರೆ ಹಣೆಯ ಹಿಂದಿರುವ ಭಾಗ. ಮಿದುಳಿನಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಬೆಳೆಯುವುದು ಅದೇ. ಇಪ್ಪತ್ತು ವಯಸ್ಸು ದಾಟಿದ ಮೇಲೂ ಅದರ ಬೆಳವಣಿಗೆ ನಡೆಯುತ್ತಲೇ ಇರುತ್ತದೆ. ಹಾಗಿರುವಾಗ ಎರಡು ವರ್ಷಕ್ಕೆ ಅದು ಎಷ್ಟು ಬಲಿತಿದ್ದೀತು, ಯೋಚನೆ ಮಾಡಿ.

ಎರಡನೆಯದಾಗಿ, ಮಗುವಿಗೆ ಹೊತ್ತಿನ ಲೆಕ್ಕ ಗೊತ್ತಿಲ್ಲ. ‘ಐದು ನಿಮಿಷ’, ‘ಆಮೇಲೆ’, ‘ನಾಳೆ’ ಎಂಬ ಮಾತುಗಳು ಅದಕ್ಕೆ ಬರೀ ಶಬ್ದ. ‘ಆಮೇಲೆ’ ಅಂದರೆ ‘ಇಲ್ಲ’ ಎಂದೇ ಅದು ತಿಳಿಯುತ್ತದೆ. ಮೂರನೆಯದಾಗಿ, ತನಗೆ ಏನಾಗುತ್ತಿದೆ ಎಂದು ಹೇಳಲು ಅದಕ್ಕೆ ಮಾತು ಸಾಲದು. ಹೇಳಲಾಗದ್ದನ್ನು ಅಳುತ್ತದೆ.

ನಮ್ಮ ಕಡೆ ರೇಷ್ಮೆ ಸಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ನೀವು ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲ್ಲಾಡಿಸುವುದಿಲ್ಲ. ‘ಬೇಗ ಏಳು’ ಎಂದು ಬೈದರೆ ಹುಳು ಎದ್ದೀತೇ? ಒಂದೊಂದು ಜ್ವರಕ್ಕೂ ಅದರದ್ದೇ ಹೊತ್ತಿದೆ ಎಂದು ಕಾಯುತ್ತೀರಿ. ಹುಳುವಿನ ಮುಂದೆ ಇರುವ ಈ ತಾಳ್ಮೆ ಮಗುವಿನ ಮುಂದೆ ನಮಗೆ ಯಾಕೆ ಬರುವುದಿಲ್ಲ?

ಹಾಗಾದರೆ ಎಷ್ಟು ಹೊತ್ತು ಕಾಯುವುದನ್ನು ನಿರೀಕ್ಷಿಸಬಹುದು? ನನ್ನ ಅನುಭವದಲ್ಲಿ, ಒಂದೂವರೆ ವರ್ಷದ ಮಗುವಿಗೆ ಹತ್ತು ಎಣಿಸುವಷ್ಟು ಹೊತ್ತೇ ದೊಡ್ಡದು. ಎರಡು ವರ್ಷಕ್ಕೆ ಒಂದು ನಿಮಿಷ, ಮೂರಕ್ಕೆ ಎರಡು ಮೂರು ನಿಮಿಷ ಕಾದರೆ ಅದೇ ಹೆಚ್ಚು. ಹಸಿವು, ನಿದ್ದೆ, ಕಾಯಿಲೆ ಇದ್ದಾಗ ಅಷ್ಟೂ ಆಗುವುದಿಲ್ಲ. ಹಸಿದ ಮಗುವಿಗೆ ಮೊದಲು ಊಟ, ಪಾಠ ಆಮೇಲೆ.

ಕಾಯುವುದು ಎಂದರೆ ನಂಬುವುದು

ಈಗ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಸಮಾಜ ಕಾರ್ಯದ ಓದು ಮುಗಿಸಿ ಬಂದ ಹೊಸದರಲ್ಲಿ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಒಂದು ಶಿಶುಪಾಲನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೆ. ಎರಡೂವರೆ ವರ್ಷದ ಒಂದು ಹುಡುಗಿ ಹೊಸದಾಗಿ ಸೇರಿತ್ತು. ತಾಯಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಮಗು ಆಟದಲ್ಲಿದ್ದಾಗ ಹಿಂದಿನಿಂದ ಜಾರಿಕೊಳ್ಳಿ ಎಂದು ನಾನೇ ಆಕೆಗೆ ಹೇಳಿಕೊಟ್ಟೆ. ಮಗು ಅತ್ತಾಗ “ಅಮ್ಮ ಈಗ ಬರ್ತಾಳೆ ಪುಟ್ಟಿ, ಈಗ ಬರ್ತಾಳೆ” ಅಂದೆ. ತಾಯಿ ಬರುವುದು ಸಂಜೆಗೆ ಎಂದು ನನಗೆ ಗೊತ್ತಿತ್ತು.

ಆ ಮಗು ಬಾಗಿಲು ಬಿಟ್ಟು ಕದಲಲಿಲ್ಲ. ಮೂರು ದಿನ ಹಾಗೆಯೇ ನಿಂತಿತ್ತು. ನಾಲ್ಕನೇ ದಿನದಿಂದ ಬಾಗಿಲಿಗೆ ಹೋಗುವುದನ್ನು ಬಿಟ್ಟಿತು. ನನಗೆ ಸಮಾಧಾನವಾಯಿತು. ಆದರೆ ಅಂದಿನಿಂದ ಬೇರೊಂದು ಶುರುವಾಯಿತು. ಊಟದ ತಟ್ಟೆ ತನ್ನ ಸರದಿ ಬರುವವರೆಗೆ ಕಾಯುತ್ತಿರಲಿಲ್ಲ. ಪಕ್ಕದ ಮಗುವಿನ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುತ್ತಿತ್ತು. “ನಿನಗೂ ಕೊಡ್ತೀನಿ, ತಾಳು” ಅಂದರೆ ನನ್ನ ಮುಖವನ್ನೇ ನೋಡುತ್ತಿರಲಿಲ್ಲ.

ಅಲ್ಲಿ ಅಡುಗೆ ಮಾಡುತ್ತಿದ್ದ ವಯಸ್ಸಾದ ಆಯಮ್ಮ ಒಂದು ದಿನ ನನಗೆ ಹೇಳಿದರು: “ಸಿಸ್ಟರ್, ಬೇಜಾರು ಮಾಡ್ಕಬೇಡಿ. ಆ ಮಗೀಗೆ ನೀವು ಸುಳ್ಳು ಹೇಳಿದ್ರಿ. ಇನ್ನು ಅದು ನಿಮ್ಮ ಮಾತು ಯಾಕೆ ಕೇಳ್ತದೆ? ಉಂಡು, ಮಲಗಿ ಎದ್ದು, ಬಿಸಿಲು ಆ ಗೋಡೆ ಹತ್ರಕ್ಕೆ ಬಂದಾಗ ನಿಮ್ಮವ್ವ ಬತ್ತಾಳೆ ಅನ್ನಿ. ಅಳ್ಲಿ ಬಿಡಿ, ನಿಜ ಹೇಳಿ.” ಮಾರನೆಯ ದಿನದಿಂದ ತಾಯಿ ಮಗುವಿಗೆ ಹೇಳಿಯೇ ಹೊರಟಳು. ಮಗು ಜೋರಾಗಿ ಅತ್ತಿತು. ನಾವು ಗೋಡೆ ತೋರಿಸಿದೆವು. ಸಂಜೆ ಬಿಸಿಲು ಆ ಗೋಡೆಗೆ ಬಂತು, ತಾಯಿಯೂ ಬಂದಳು. ಸುಮಾರು ಎರಡು ವಾರ ಹಿಡಿಯಿತು. ಆಮೇಲೆ ಆ ಮಗು ಮಧ್ಯಾಹ್ನ ಎದ್ದು ತಾನೇ ಗೋಡೆ ನೋಡಿಕೊಂಡು ಆಟಕ್ಕೆ ಹೋಗುತ್ತಿತ್ತು. ತಟ್ಟೆಗೂ ಕಾಯುವುದನ್ನು ಕಲಿಯಿತು.

ಆಯಮ್ಮ ಹೇಳಿದ್ದನ್ನು ವಿಜ್ಞಾನಿಗಳು ಬಹಳ ಕಾಲದ ಮೇಲೆ ಪರೀಕ್ಷೆ ಮಾಡಿ ತೋರಿಸಿದರು. 1970ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಷೆಲ್ ಎಂಬ ಮನಃಶಾಸ್ತ್ರಜ್ಞರು ಪುಟ್ಟ ಮಕ್ಕಳ ಮುಂದೆ ಒಂದು ಸಿಹಿತಿಂಡಿ ಇಟ್ಟು, “ನಾನು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ” ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದೆ ಬಂದರು ಎಂಬ ಮಾತು ಎಲ್ಲ ಕಡೆ ಹರಡಿತು. ಕಾಯುವ ಗುಣ ಮಗುವಿನ ಹುಟ್ಟಿನಲ್ಲೇ ಇರುತ್ತದೆ ಎಂದು ಎಷ್ಟೋ ಜನ ತಿಳಿದರು.

ಆದರೆ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕಣ್ಣು ತೆರೆಸುವಂಥದ್ದು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ “ಚಿತ್ರ ಬಿಡಿಸಲು ಒಳ್ಳೆಯ ಬಣ್ಣ ತಂದುಕೊಡುತ್ತೇವೆ” ಎಂದು ಮೊದಲೇ ಮಾತು ಕೊಟ್ಟರು. ಒಂದು ಗುಂಪಿಗೆ ಹೇಳಿದಂತೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ “ತಪ್ಪಾಯಿತು, ನಮ್ಮಲ್ಲಿ ಬೇರೆ ಇಲ್ಲ” ಎಂದರು. ಆಮೇಲೆ ಸಿಹಿಯ ಪರೀಕ್ಷೆ ನಡೆಯಿತು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ್ದನ್ನು ಕಂಡ ಮಕ್ಕಳು ಕಾದದ್ದು 3 ನಿಮಿಷ ಮಾತ್ರ. ಅಂದರೆ, ಕೊಟ್ಟ ಮಾತು ತಪ್ಪುವ ದೊಡ್ಡವರ ಮುಂದೆ ಕಾಯದೇ ಇರುವುದು ಮಗುವಿನ ದಡ್ಡತನವಲ್ಲ, ಬುದ್ಧಿವಂತಿಕೆ!

2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿ ಇನ್ನೊಂದು ತಂಡ ಹೇಳಿದ್ದೂ ಗಮನಿಸಬೇಕು. ಮಗುವಿನ ಮುಂದಿನ ಓದಿಗೂ ಆ ಸಿಹಿಯ ಪರೀಕ್ಷೆಗೂ ಇರುವ ಸಂಬಂಧ ಮೊದಲು ಅಂದುಕೊಂಡಷ್ಟು ದೊಡ್ಡದಲ್ಲ. ಮನೆಯ ಪರಿಸ್ಥಿತಿ, ತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಇನ್ನೂ ಚಿಕ್ಕದಾಗುತ್ತದೆ. ಆದ್ದರಿಂದ ‘ನನ್ನ ಮಗು ಕಾಯಲ್ಲ, ಅದರ ಭವಿಷ್ಯ ಹೋಯ್ತು’ ಎಂದು ಹೆದರುವುದು ಬೇಡ. ಮಗುವಿಗೆ ಸಿಗಬೇಕಾದದ್ದು ಸಿಗುವ ಮನೆ, ಹೇಳಿದ್ದನ್ನು ನಡೆಸುವ ದೊಡ್ಡವರು ಇದ್ದರೆ ತಾಳ್ಮೆ ಕಲಿಯಲು ದಾರಿಯಾಗುತ್ತದೆ.

ದಿನಚರಿಯಲ್ಲೇ ಪಾಠ

1. ಹಾಲು, ಗಂಜಿ ಆರುವಾಗ: ‘ತಾಳು’ ಎಂದಷ್ಟೇ ಹೇಳಬೇಡಿ. ಯಾವುದರವರೆಗೆ ಎಂದು ಕಣ್ಣಿಗೆ ಕಾಣುವಂತೆ ಹೇಳಿ. “ಹಾಲು ಬಿಸಿ ಇದೆ. ನೋಡು, ಹಬೆ ಬರ್ತಿದೆ. ಹಬೆ ನಿಂತ ಮೇಲೆ ಕುಡಿಯೋಣ. ಬಾ, ಇಬ್ಬರೂ ಊದೋಣ.” ಹತ್ತು ಸಲ ಊದುವುದೇ ಮಗುವಿಗೆ ಕಾಯುವ ಕೆಲಸ. ಆರಿದ ಕೂಡಲೇ ಕೊಟ್ಟುಬಿಡಿ, ಮಧ್ಯದಲ್ಲಿ ಇನ್ನೊಂದು ಕೆಲಸಕ್ಕೆ ಹೋಗಬೇಡಿ. “ಕಾದೆಯಲ್ಲ, ಜಾಣ!” ಎನ್ನಿ. ಕಾದದ್ದಕ್ಕೆ ಫಲ ಸಿಕ್ಕಿತು ಎಂಬುದು ಮಗುವಿನ ಮನಸ್ಸಿನಲ್ಲಿ ಕೂರುತ್ತದೆ.

2. ಅಡುಗೆಮನೆಯಲ್ಲಿ: ಬರೀ ಕೈಯಲ್ಲಿ ಕಾಯುವುದು ದೊಡ್ಡವರಿಗೂ ಕಷ್ಟ. ಮಿಷೆಲ್ ಅವರ ಪರೀಕ್ಷೆಯಲ್ಲೂ ತಿಂಡಿಯನ್ನೇ ನೋಡುತ್ತ ಕುಳಿತ ಮಕ್ಕಳು ಬೇಗ ಸೋತರು. ಹಾಡು ಹೇಳಿಕೊಂಡು, ಮುಖ ತಿರುಗಿಸಿಕೊಂಡು ಕುಳಿತವರು ಹೆಚ್ಚು ಹೊತ್ತು ಕಾದರು. ಹಾಗಾಗಿ ಮಗುವಿನ ಕೈಗೆ ಕೆಲಸ ಕೊಡಿ. ಸೊಪ್ಪು ಸೋಸುವಾಗ ಎಲೆಯನ್ನು ಬುಟ್ಟಿಗೆ ಹಾಕಲಿ. ಆಲೂಗಡ್ಡೆಯನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕಲಿ. ಮುದ್ದೆ ಕಟ್ಟುವಾಗ ಚೆನ್ನಾಗಿ ಆರಿಸಿದ ಒಂದು ಚಿಕ್ಕ ಉಂಡೆ ಅದಕ್ಕೂ ಕೊಡಿ, ಅದೂ ಕಟ್ಟಲಿ. ಆದರೆ ಒಲೆಯಿಂದ ದೂರ ಒಂದು ಗೆರೆ ಎಳೆದು, ‘ಇದು ನಿನ್ನ ಜಾಗ’ ಎಂದು ಕೂರಿಸಿ. ಅವರೆಕಾಳು, ಕಡಲೆಬೀಜ, ಮಣಿ ಇಂಥವನ್ನು ಚಿಕ್ಕ ಮಕ್ಕಳ ಕೈಗೆ ಕೊಟ್ಟು ಬೇರೆ ಕಡೆ ತಿರುಗಬೇಡಿ. ಮೂಗಿಗೆ ಹಾಕಿಕೊಳ್ಳುತ್ತವೆ, ಗಂಟಲಿಗೆ ಸಿಕ್ಕಿಸಿಕೊಳ್ಳುತ್ತವೆ.

3. ಕಾಳು ಮೊಳಕೆ ಬರುವಾಗ: ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹೆಸರುಕಾಳನ್ನು ನೀರಿಗೆ ಹಾಕುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. “ಇದು ಮಲಗಿದೆ, ನೀನೂ ಮಲಗು, ಬೆಳಗ್ಗೆ ನೋಡೋಣ” ಎನ್ನಿ. ಬೆಳಗ್ಗೆ ಕಾಳು ಊದಿರುತ್ತದೆ. ಬಟ್ಟೆಯಲ್ಲಿ ಕಟ್ಟಿ, “ಇನ್ನೊಂದು ಸಲ ಮಲಗಿ ಎದ್ದ ಮೇಲೆ ಬಾಲ ಬರುತ್ತೆ” ಎನ್ನಿ. ಮಾರನೆಯ ದಿನ ಗಂಟು ಬಿಚ್ಚಿದಾಗ ಬಿಳೀ ಬಾಲ ನೋಡಿ ಮಗುವಿಗೆ ಆಗುವ ಸಂತೋಷ ನೀವೇ ನೋಡಿ. ಹಾಲಿಗೆ ಹೆಪ್ಪು ಹಾಕುವುದೂ ಹೀಗೆಯೇ. ಹಿತ್ತಲಲ್ಲಿ ಒಂದು ಹಿಡಿ ಮೆಂತ್ಯ ಚೆಲ್ಲಿದರೆ ಮೂರು ನಾಲ್ಕು ದಿನದಲ್ಲಿ ಮೊಳಕೆ ಕಾಣುತ್ತದೆ. ‘ನಾಳೆ’ ಎಂಬ ಮಾತಿಗೆ ಅರ್ಥ ಬರುವುದು ಇಂಥ ಕೆಲಸದಿಂದ.

4. ಸ್ನಾನ, ಬಟ್ಟೆ, ಚಪ್ಪಲಿ: ದಿನಾ ಒಂದೇ ಕ್ರಮ ಇರಲಿ. ಮೊದಲು ಎಣ್ಣೆ, ಆಮೇಲೆ ನೀರು, ಆಮೇಲೆ ಬಟ್ಟೆ, ಆಮೇಲೆ ಊಟ. ಮುಂದೆ ಏನು ಬರುತ್ತದೆ ಎಂದು ಗೊತ್ತಿದ್ದರೆ ಮಗು ಗಡಿಬಿಡಿ ಮಾಡುವುದಿಲ್ಲ. “ಮೊದಲು ಇದು, ಆಮೇಲೆ ಅದು” ಎಂಬ ಎರಡೇ ಮಾತು ಸಾಕು. ಚಪ್ಪಲಿಯನ್ನು ತಾನೇ ಹಾಕಿಕೊಳ್ಳುತ್ತೇನೆ ಎಂದರೆ ಬಿಡಿ. ನಮಗೆ ಅವಸರ ಎಂದು ಕಿತ್ತು ಹಾಕಿದರೆ, ಅವಸರವನ್ನೇ ನಾವು ಕಲಿಸಿದಂತೆ ಆಯಿತು.

5. ಡೇರಿ, ನಲ್ಲಿ, ನ್ಯಾಯಬೆಲೆ ಅಂಗಡಿ: ಸಾಲಿನಲ್ಲಿ ನಿಂತಾಗ “ಈಗ ಅಜ್ಜಿ ಸರದಿ, ಆಮೇಲೆ ಅತ್ತೆ ಸರದಿ, ಆಮೇಲೆ ನಮ್ಮ ಸರದಿ” ಎಂದು ತೋರಿಸಿ ಹೇಳಿ. ನೀವು ಸಾಲು ಬಿಟ್ಟು ನುಗ್ಗಿದರೆ ಮಗು ಅದನ್ನೂ ನೋಡುತ್ತದೆ.

6. ಆಟದಲ್ಲಿ: ನಮ್ಮ ಚನ್ನಪಟ್ಟಣದ ಗೊಂಬೆಗೆ 2005-06ರ ಸುಮಾರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತು. ಹಾಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಕಡೆದು, ತಿರುಗುವ ಬಿಸಿಯಲ್ಲೇ ಅರಗಿನ ಬಣ್ಣ ಹತ್ತಿಸುತ್ತಾರೆ. ಹಸಿ ಮರ ಕಡೆದರೆ ಸೀಳು ಬಿಡುತ್ತದೆ. ಆ ಗೊಂಬೆಗಳಲ್ಲಿ ಕಡ್ಡಿಗೆ ಬಣ್ಣದ ಬಳೆ ಒಂದರ ಮೇಲೊಂದು ಹಾಕುವ ಆಟಿಕೆ ಇದೆಯಲ್ಲ, ಅದು ಸರದಿ ಕಲಿಸಲು ಬಹಳ ಒಳ್ಳೆಯದು. “ಒಂದು ನೀನು, ಒಂದು ನಾನು” ಎಂದು ಆಡಿ. ಕೊಳ್ಳಲಾಗದಿದ್ದರೆ ತೆಂಗಿನ ಚಿಪ್ಪು, ಸ್ಟೀಲ್ ಲೋಟ ಒಂದರ ಮೇಲೊಂದು ಇಟ್ಟರೂ ಸಾಕು.

7. ಹುಳು ಹಣ್ಣಾಗುವ ದಿನಗಳಲ್ಲಿ: ಹುಳು ಚಂದ್ರಂಕಿಗೆ ಬಿಡುವ ದಿನ ಮನೆಯವರಿಗೆಲ್ಲ ಊಟಕ್ಕೂ ಬಿಡುವಿಲ್ಲ. ಅಂದು ಮಗುವಿಗೆ ಪಾಠ ಹೇಳುವ ಗೋಜಿಗೆ ಹೋಗಬೇಡಿ. ಅಜ್ಜಿಯನ್ನೋ ಪಕ್ಕದ ಮನೆಯವರನ್ನೋ ಮೊದಲೇ ಕೇಳಿ ಒಪ್ಪಿಸಿಡಿ. ಮಗುವಿಗೆ ಹೇಳಿಯೇ ಹೋಗಿ. ಹುಳು ಮನೆಗೆ ಹೊಡೆಯುವ ಔಷಧಿ, ಸುಣ್ಣ, ಬ್ಲೀಚಿಂಗ್ ಪುಡಿ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಮೊಬೈಲ್ ಕೊಟ್ಟರೆ ಸುಮ್ಮನಾಗುತ್ತಲ್ಲ?

ಹೌದು, ಸುಮ್ಮನಾಗುತ್ತದೆ. ಆದರೆ ಕಾಯುವುದನ್ನು ಕಲಿಯುವುದಿಲ್ಲ. ಬೆರಳು ಮುಟ್ಟಿದ ಕೂಡಲೇ ಚಿತ್ರ ಬದಲಾಗುವ ವಸ್ತುವಿನ ಮುಂದೆ ಕಾಯುವ ಅಗತ್ಯವೇ ಇಲ್ಲ. ಎರಡು ವರ್ಷ ತುಂಬದ ಮಕ್ಕಳು ಮೊಬೈಲ್, ಟಿ.ವಿ. ಮುಂದೆ ಕೂರುವುದು ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟ ಮಾಡಿಸುವಾಗ ಮೊಬೈಲ್ ತೋರಿಸುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿಸಿ. ಎರಡು ಮೂರು ದಿನ ಮಗು ಕಡಿಮೆ ಉಂಡೀತು. ಹಸಿವಾದಾಗ ತಾನೇ ಕೇಳುತ್ತದೆ.

ರಚ್ಚೆ ಹಿಡಿದಾಗ

ಇಷ್ಟು ಮಾಡಿದರೂ ಮಗು ರಚ್ಚೆ ಹಿಡಿಯುವ ದಿನ ಇದ್ದೇ ಇರುತ್ತದೆ. ಆಗ ಬುದ್ಧಿಮಾತು ತಲೆಗೆ ಹೋಗುವುದಿಲ್ಲ. ಪೆಟ್ಟಾಗದ ಜಾಗದಲ್ಲಿ ಕೂರಿಸಿ, ಪಕ್ಕದಲ್ಲೇ ಇರಿ. “ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂತು ಅಲ್ವಾ?” ಎಂದು ಅದರ ಮನಸ್ಸಿನ ಮಾತನ್ನು ನೀವೇ ಹೇಳಿ. ಅಳು ಇಳಿದ ಮೇಲೆ ಎತ್ತಿಕೊಳ್ಳಿ. ಆದರೆ ‘ಇಲ್ಲ’ ಎಂದದ್ದನ್ನು ಅಳುವಿಗೆ ಹೆದರಿ ಕೊಡಬೇಡಿ. ಇವತ್ತು ಕೊಟ್ಟು ನಾಳೆ ಕೊಡದಿದ್ದರೆ ಮಗು ನಾಳೆ ಇನ್ನೂ ಜೋರಾಗಿ ಅಳುತ್ತದೆ. ಇದರಲ್ಲಿ ಅಪ್ಪ, ಅಜ್ಜಿ, ತಾತ ಎಲ್ಲರದ್ದೂ ಒಂದೇ ಮಾತಿರಬೇಕು. ಅವ್ವ ಬೇಡ ಅಂದ ಬಿಸ್ಕತ್ತನ್ನು ತಾತ ಜೇಬಿನಿಂದ ತೆಗೆದುಕೊಟ್ಟರೆ ಪಾಠ ಮುಗಿದಂತೆ!

ಹೊಡೆದರೆ ಮಗು ಸುಮ್ಮನಾಗುವುದು ಹೆದರಿಕೆಯಿಂದ, ತಾಳ್ಮೆಯಿಂದಲ್ಲ. ‘ಗುಮ್ಮ ಬರ್ತಾನೆ’, ‘ಪೊಲೀಸಿಗೆ ಕೊಡ್ತೀನಿ’, ‘ಡಾಕ್ಟ್ರು ಸೂಜಿ ಚುಚ್ತಾರೆ’ ಎಂದು ಹೆದರಿಸುವುದೂ ಬೇಡ. ಮುಂದೆ ನಿಜವಾಗಿ ಆಸ್ಪತ್ರೆಗೆ ಹೋಗಬೇಕಾದಾಗ ಕಷ್ಟಪಡುವವರು ನೀವೇ.

ಎಲ್ಲ ಅಳುವೂ ಹಟವಲ್ಲ ಎಂಬುದು ನೆನಪಿರಲಿ. ರಕ್ತಹೀನತೆ, ಜಂತುಹುಳು, ಕಿವಿ ನೋವು ಇದ್ದ ಮಕ್ಕಳು ಸದಾ ಕಿರಿಕಿರಿ ಮಾಡುತ್ತವೆ. ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತನಾಡದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ‘ಆಮೇಲೆ ಸರಿಹೋಗುತ್ತೆ’ ಎಂದು ಕೂರಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ, ವೈದ್ಯರಿಗೆ ತೋರಿಸಿ. ಇಲ್ಲಿ ಮಾತ್ರ ತಾಳ್ಮೆ ಬೇಡ.

ತಾಯಿಯ ತಾಳ್ಮೆ ಎಲ್ಲಿಂದ ಬರಬೇಕು?

ಕೊನೆಯದಾಗಿ ಒಂದು ಮಾತು. ಇದನ್ನು ಓದಿ, “ನಮಗೆಲ್ಲಿ ಹೊತ್ತು ಸಿಸ್ಟರ್?” ಎಂದು ನೀವು ಕೇಳುತ್ತೀರಿ. ಒಪ್ಪುತ್ತೇನೆ. ಕೊಟ್ಟಿಗೆ, ಹೊಲ, ಒಲೆ, ಹುಳು ಮನೆ, ಸಂಘದ ಕಂತು, ಎಲ್ಲವನ್ನೂ ಒಬ್ಬಳೇ ಹೊತ್ತ ತಾಯಿಗೆ ತಾಳ್ಮೆ ತೀರಿಹೋಗುವುದು ಸಹಜ. ಅದು ಆಕೆಯ ತಪ್ಪಲ್ಲ. ಆದ್ದರಿಂದ ಈ ಕರಪತ್ರವನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಬೆಳಗ್ಗೆ ಡೇರಿಗೆ ಹೋಗುವಾಗ ಅಪ್ಪ ಮಗುವನ್ನು ಜೊತೆಗೆ ಕರೆದುಕೊಂಡು ಹೋದರೆ ತಾಯಿಗೆ ಅರ್ಧ ಗಂಟೆ ಬಿಡುವು, ಮಗುವಿಗೆ ಸರದಿಯ ಪಾಠ. ಸಿಟ್ಟು ನೆತ್ತಿಗೇರಿದಾಗ ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊರಗೆ ಬಂದು ಒಂದು ಲೋಟ ನೀರು ಕುಡಿಯಿರಿ. ಎಂದಾದರೂ ಕೈ ಮಾಡಿಬಿಟ್ಟರೆ, “ಅವ್ವಂಗೆ ಸಿಟ್ಟು ಬಂತು, ಹೊಡೆದೆ, ತಪ್ಪಾಯ್ತು ಮಗ” ಎಂದು ಹೇಳಿ. ಹಾಗೆ ಹೇಳಿದರೆ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ.

‘ತಾಳಿದವನು ಬಾಳಿಯಾನು’ ಎಂದು ಹಿರಿಯರು ಹೇಳಿದ್ದಾರೆ. ಅದನ್ನು ಮಗುವಿಗೆ ಹೇಳುವ ಮೊದಲು ನಾವು ಒಂದು ಕೆಲಸ ಮಾಡೋಣ. ಈ ವಾರ, ಮಗುವಿಗೆ ‘ಬಂದೆ’ ಎಂದು ಹೇಳಿದಾಗಲೆಲ್ಲ ನಿಜವಾಗಿ ಹೋಗೋಣ. ಹೋಗಲು ಆಗದಿದ್ದರೆ ‘ಬಂದೆ’ ಎನ್ನುವುದು ಬೇಡ, “ಪಾತ್ರೆ ತೊಳೆದು ಬರ್ತೀನಿ” ಎನ್ನೋಣ. ಪಾತ್ರೆ ತೊಳೆದಾದ ಕೂಡಲೇ ಕೈ ಒರೆಸಿಕೊಂಡು ಮಗುವಿನ ಹತ್ತಿರ ಹೋಗೋಣ. ಮುಂದಿನ ಸಭೆಗೆ ಬಂದಾಗ ಏನಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳೋಣ.